ಎರಡನೇ ಮುದ್ದೆ

ನನ್ನ ಹೊಟ್ಟೆ ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಗ್ಗೆ ಐದೂವರೆಗೆ ಎದ್ದು ಒಂದು ಚೊಂಬು ಬಿಸಿನೀರು ಕುಡಿದರೆ ಐದೇ ನಿಮಿಷದಲ್ಲಿ ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು ಹೊರಗೆ ಬರುತ್ತೇನೆ. ನಲವತ್ತು ದಾಟಿದ ಗಂಡಸರಲ್ಲಿ ಎಷ್ಟು ಜನಕ್ಕೆ ಈ ಭಾಗ್ಯ ಇದೆಯೋ ಕೇಳಿ ನೋಡಿ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಮೊದಲು ಹೀಗಿರಲಿಲ್ಲ. ಚನ್ನಪಟ್ಟಣದಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಬೋರ್‌ವೆಲ್ ಮೋಟಾರಿಗೆ ಹೊಸ ತಂತಿ ಸುತ್ತುವುದು ನನ್ನ ಕಸುಬು. ಬೆಳಗ್ಗೆ ಕೂತರೆ ಏಳುವುದು ಕತ್ತಲಾದ ಮೇಲೆ. ಕೂತು ಕೂತು ಮೊದಲು ಮಲಬದ್ಧತೆ ಬಂತು, ಆಮೇಲೆ ಮೂಲವ್ಯಾಧಿ ಬಂತು. ಆ ಎರಡನ್ನೂ ಹೊತ್ತುಕೊಂಡೇ ನಾನು ಬೈರಾಪಟ್ಟಣದ ನಂಜುಂಡಯ್ಯನವರ ಹಿರಿಯ ಮಗಳು ಮಮತಾಳನ್ನು ಮದುವೆಯಾದೆ.

ಮದುವೆಯಾದ ಮೊದಲ ಯುಗಾದಿಗೆ ಮಾವನ ಮನೆಗೆ ಹೋಗಿದ್ದೆ. ಬೆಳಗ್ಗೆ ಹಿತ್ತಲಿನ ಕಕ್ಕಸಿಗೆ ಹೋದವನು ಹೊರಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಒಳಗೆ ಬೆವರು ಸುರಿಸಿಕೊಂಡು ಕೂತಿದ್ದಾಗ ಹೊರಗಿನಿಂದ ಮಾವನ ದನಿ ಕೇಳಿಸಿತು. ಬೀದಿಯವರನ್ನೆಲ್ಲ ಕರೆಯುತ್ತಿದ್ದರು.

"ಬನ್ರೋ, ಬನ್ರೋ! ನಮ್ಮ ಅಳಿಯಂದ್ರು ಒಳಿಕ್ಕೋಗಿ ಮುಕ್ಕಾಲ್ ಗಂಟೆ ಆಯ್ತು. ಇನ್ನೇನ್ ಹೆರಿಗೆ ಆಯ್ತದೆ. ಗಂಡೋ ಹೆಣ್ಣೋ ನೋಡ್ಕಂಡೋಗಿ!"

ಬಾಗಿಲು ತೆಗೆದಾಗ ಎದುರಿಗೆ ಹತ್ತು ಹದಿನೈದು ಜನ ನಿಂತಿದ್ದರು. ಒಬ್ಬಾಕೆ ಸೊಂಟದಲ್ಲಿ ಮಗು ಎತ್ತಿಕೊಂಡು ಬಂದಿದ್ದಳು. ಎಲ್ಲರಿಗಿಂತ ಹಿಂದೆ ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆಯುತ್ತಿದ್ದಳು. ಆವತ್ತಿನಿಂದ ಬೈರಾಪಟ್ಟಣದಲ್ಲಿ ನನಗೆ ಹೆರಿಗೆ ಅಳಿಯ ಎಂದೇ ಹೆಸರು. ಒಂಬತ್ತು ವರ್ಷ ಆ ಹೆಸರು ಹೊತ್ತಿದ್ದೇನೆ. ನಾಮಕರಣ, ಗೃಹಪ್ರವೇಶ, ತಿಥಿ, ಯಾವುದೇ ಇರಲಿ, ನಾಲ್ಕು ಜನ ಹೊಸಬರು ಸೇರಿದರೆ ಸಾಕು, ಮಾವ ನನ್ನ ಹೆಗಲ ಮೇಲೆ ಕೈ ಹಾಕಿ ಆ ಕಥೆ ಶುರು ಮಾಡುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ. ಬೇರೆ ಏನು ಮಾಡಲಿ?

ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ನನ್ನ ಹೊಟ್ಟೆ ಸರಿ ಮಾಡಿದವರೂ ಅವರೇ. ನಾಲ್ಕು ವರ್ಷದ ಹಿಂದೆ ಅವರೂರಿನ ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆಯಿತು. ಡಾಕ್ಟರೊಬ್ಬರು ಮೈಕು ಹಿಡಿದು, ರಾಗಿ, ಸೊಪ್ಪು, ಸಿಪ್ಪೆ ಸಮೇತ ಕಾಳು ತಿನ್ನಿ, ಅದರಲ್ಲಿ ನಾರಿನಂಶ ಇದೆ, ಅದಕ್ಕೇ ಫೈಬರ್ ಅನ್ನುವುದು, ಕರುಳು ಶುದ್ಧವಾಗಿಡುವುದು ಅದೇ, ಜೊತೆಗೆ ನೀರು ಚೆನ್ನಾಗಿ ಕುಡಿಯಿರಿ ಎಂದರು. ಹುಟ್ಟಿದಾಗಿನಿಂದ ಮುದ್ದೆ ಉಂಡು ಬೆಳೆದ ಮಾವನಿಗೆ ಅವತ್ತು ಸರ್ಕಾರವೇ ಸನ್ಮಾನ ಮಾಡಿದಷ್ಟು ಸಂತೋಷವಾಯಿತು. ಮಾರನೇ ದಿನದಿಂದ ಅವರ ಬಾಯಲ್ಲಿ ಫೈಬರ್ ಬಿಟ್ಟು ಬೇರೆ ಮಾತಿಲ್ಲ. ಬೆಳಗ್ಗೆ ಎದುರು ಸಿಕ್ಕವರಿಗೆ ಕಾಫಿ ಆಯ್ತಾ, ತಿಂಡಿ ಆಯ್ತಾ ಎಂದು ಕೇಳುವ ಬದಲು ಬರೀ "ಆಯ್ತಾ?" ಎಂದು ಕೇಳುವುದು ಶುರುವಾಯಿತು. ಏನು ಆಯ್ತಾ ಎಂದು ಊರಿಗೆಲ್ಲ ಗೊತ್ತು. ಹೆಂಗಸರು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಗಂಡಸರು ಆಯ್ತು ಅನ್ನಲೇಬೇಕಿತ್ತು.

ನಾನು ಅವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ಬಿಳಿ ಅನ್ನ ಬಿಟ್ಟೆ. ಬೆಳಗ್ಗೆ ಮುದ್ದೆ, ಸಂಜೆ ಮುದ್ದೆ, ಜೊತೆಗೆ ಸೊಪ್ಪಿನ ಬಸ್ಸಾರು. ಮುದ್ದೆ ನುಂಗುವುದನ್ನೂ ಅವರೇ ಕಲಿಸಿದರು. ಅಗಿಯಬಾರದು. ಅಗಿದರೆ ಹಲ್ಲಿಗೆ ಮೆತ್ತಿಕೊಂಡು ಪಕ್ಕದವರು ನಗುತ್ತಾರೆ. ಮುರಿದು, ಹೆಬ್ಬೆರಳಲ್ಲಿ ಒಂದು ಸುತ್ತು ಉರುಳಿಸಿ, ಸಾರಿಗೆ ಅದ್ದಿ, ಗಂಟಲಿಗೆ ಬಿಟ್ಟುಕೊಳ್ಳಬೇಕು. ಆರು ತಿಂಗಳಲ್ಲಿ ಮೂಲವ್ಯಾಧಿ ಮಾಯವಾಯಿತು. ಒಂದು ವರ್ಷದಲ್ಲಿ ನಾನು ಒಂದೇ ಊಟಕ್ಕೆ ನಾಲ್ಕು ಮುದ್ದೆಯ ಆಸಾಮಿಯಾದೆ. ಹೆಸರು ಮಾತ್ರ ಹೋಗಲಿಲ್ಲ.

ಕಳೆದ ಫೆಬ್ರವರಿಯಲ್ಲಿ ನನ್ನ ನಾದಿನಿ ನವ್ಯಶ್ರೀಗೆ ಮದುವೆಯಾಯಿತು. ಗಂಡು ಲೋಕೇಶ್, ಬೈರಮಂಗಲದವನು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ತೆಳ್ಳಗೆ, ಮೆತ್ತಗೆ ಮಾತಾಡುವ ಹುಡುಗ. ಮದುವೆ ಮನೆಯಲ್ಲಿ ಅನ್ನ ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಕೇಳಿದರೆ ಗ್ಯಾಸ್ಟ್ರಿಕ್ ಅಂದ. ಮಾವ ಅವನ ಎಲೆಯನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ನನ್ನ ಹತ್ತಿರ ಬಂದು, "ಇದೇನ್ ಜಯಕುಮಾರ್, ಬಾಣಂತಿ ಊಟ ಉಣ್ತಾನೆ ಗಂಡು" ಎಂದರು. ಒಂಬತ್ತು ವರ್ಷದಲ್ಲಿ ಮಾವ ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಬ್ಬರನ್ನು ಆಡಿಕೊಂಡದ್ದು ಅದೇ ಮೊದಲು. ನನಗೆ ಖುಷಿಯಾಯಿತು. ಇದರಲ್ಲಿ ಮುಚ್ಚಿಡುವುದೇನಿದೆ? ಮನೆಗೆ ಹೊಸ ಅಳಿಯ ಬಂದ, ಇನ್ನು ನನ್ನ ಕಥೆಗೆ ಬಿಡುಗಡೆ ಅಂದುಕೊಂಡೆ.

ಬೀಗರ ಊಟ ಭಾನುವಾರಕ್ಕೆ ಗೊತ್ತಾಗಿತ್ತು. ಮದುವೆ ಮುಗಿದ ಮೇಲೆ ಹೆಣ್ಣಿನ ಮನೆಯವರು ಗಂಡಿನ ಕಡೆಯವರನ್ನೆಲ್ಲ ಕರೆದು ಹಾಕುವ ಬಾಡೂಟ ಅದು. ಶನಿವಾರ ಮಧ್ಯಾಹ್ನ ಲೋಕೇಶ್ ಮತ್ತು ನವ್ಯಾ ಇಬ್ಬರೂ ನನ್ನ ಅಂಗಡಿಗೆ ಬಂದರು. ನವ್ಯಾ ಬಾಗಿಲ ಹತ್ತಿರವೇ ನಿಂತು ಬೀದಿ ನೋಡುತ್ತಿದ್ದಳು. ಲೋಕೇಶ್ ಸ್ಟೂಲ್ ಎಳೆದುಕೊಂಡು ನನ್ನ ಎದುರಿಗೆ ಕೂತ.

"ಅಣ್ಣ, ನಿಮ್ಮತ್ರ ಒಂದ್ ಮಾತ್ ಹೇಳ್ಬೇಕು. ಮಾವಂಗೆ ಗೊತ್ತಾಗ್ಬಾರ್ದು."

ಷರ್ಟು ಎತ್ತಿ ತೋರಿಸಿದ. ಹೊಕ್ಕುಳ ಪಕ್ಕದಲ್ಲಿ ಉದ್ದಕ್ಕೆ ಹೊಲಿಗೆಯ ಗೆರೆ. ಮೂರು ವರ್ಷದ ಹಿಂದೆ ಕರುಳಿಗೆ ಟಿ.ಬಿ. ಆಗಿತ್ತಂತೆ. ಒಂದು ಗೇಣು ಕರುಳು ಕತ್ತರಿಸಿ ತೆಗೆದಿದ್ದರಂತೆ. ಮಾತ್ರೆ ನುಂಗಿ ಕಾಯಿಲೆ ಪೂರ್ತಿ ವಾಸಿಯಾಗಿತ್ತು, ಆದರೆ ಹೊಲಿಗೆ ಹಾಕಿದ ಕಡೆ ಕರುಳು ಕಿರಿದಾಗಿ ಉಳಿದುಕೊಂಡಿತ್ತು. ಜೇಬಿನಿಂದ ಡಾಕ್ಟರು ಕೊಟ್ಟ ಚೀಟಿಯ ಜೆರಾಕ್ಸ್ ತೆಗೆದು ನನ್ನ ಕೈಗೆ ಕೊಟ್ಟ. ರಾಗಿ, ಸೊಪ್ಪು, ಸಿಪ್ಪೆ ಇರುವ ಕಾಳು, ನಾರಿರುವ ತರಕಾರಿ, ಯಾವುದೂ ಬೇಡ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

"ನಾರು ಒಳ್ಳೇದಲ್ವೇನಪ್ಪಾ?" ಎಂದೆ.

"ನಿಮಗೆ ಒಳ್ಳೇದು ಅಣ್ಣ. ನಂಗೆ ಅದೇ ಹೋಗಿ ಸಿಕ್ಕಾಕೊಂಡ್ಬುಡ್ತದೆ. ಪೂರ್ತಿ ಕಟ್ಕೊಂಡ್ರೆ ಕರುಳೇ ಒಡೆದೋಗ್ತದೆ ಅಂದವ್ರೆ."

ಕಿರಿದಾದ ಪೈಪಿನಲ್ಲಿ ಕಸ ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ಬೋರ್‌ವೆಲ್ ಕೆಲಸದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನಗೆ ಅಲ್ಲೇ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ನಾನು ಯಾವತ್ತೂ ಹೇಳಿಕೊಳ್ಳುವ ಹಾಗಿಲ್ಲ.

"ಮಾವಂಗೆ ಹೇಳ್ಬುಡು, ಅದಕ್ಕೇನಂತೆ" ಎಂದೆ.

ನವ್ಯಾ ಬಾಗಿಲಿಂದ ತಿರುಗಿದಳು. "ಅಪ್ಪನ್ ವಿಷ್ಯ ನಿಮಗ್ ಗೊತ್ತಿಲ್ವಾ ಭಾವ? ಮಾಗಡಿ ಕಡೆ ಗಂಡಿನ ತಾತಂಗೆ ಟಿ.ಬಿ. ಇತ್ತು ಅಂತ ಎಲೆ ಅಡಿಕೆ ಶಾಸ್ತ್ರಕ್ಕೆ ಓಗಿದ್ದೋರು ಎದ್ದು ಬಂದಿದ್ರು. ಇವ್ರು ನಂಗೆ ಮದ್ವೇಗ್ ಮುಂಚೇನೆ ಎಲ್ಲಾ ಹೇಳವ್ರೆ. ನಾನೇ ಬಾಯ್ ಬುಡ್ಬೇಡಿ ಅಂದೆ. ಏಪ್ರಿಲ್‌ನಲ್ಲಿ ಇನ್ನೊಂದ್ ಆಪರೇಶನ್ ಐತೆ. ಅದಾದ್ರೆ ಎಲ್ರಂಗೆ ಎಲ್ಲಾ ತಿನ್ಬೋದಂತೆ. ಅಲ್ಲೀಗಂಟ ಹೆಂಗಾರ ತಳ್ಬೇಕು."

ಬೀಗರ ಊಟದಲ್ಲಿ ಗ್ಯಾಸ್ಟ್ರಿಕ್ ಎಂಬ ನೆಪ ನಡೆಯುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ನಮ್ಮ ಮಾವನ ಮನೆಯಲ್ಲಿ ಹೊಸ ಅಳಿಯನ ಎಲೆಗೆ ಮಾವನೇ ನಿಂತು ಬಡಿಸುವುದು ಪದ್ಧತಿ. ಪಂಕ್ತಿಯಲ್ಲಿ ನಡುವೆ ಎದ್ದು ಹೋದರೆ ಊಟ ಹಾಕಿದವರಿಗೆ ಮುಖಕ್ಕೆ ಹೊಡೆದ ಹಾಗೆ. ನಾನೇ ಒಂದು ದಾರಿ ಹೇಳಿದೆ.

"ನನ್ ಪಕ್ಕ ಕೂತ್ಕೋ. ಮುದ್ದೆ ಬಿದ್ದ ತಕ್ಷಣ, ಮಾವ ಆಚೆ ತಿರುಗಿದ್ ಕೂಡ್ಲೆ ನನ್ನೆಲೆಗೆ ತಳ್ಳು. ನಾಲ್ಕುಣ್ಣೋನಿಗೆ ಆರು ಉಣ್ಣಾಕಾಗಲ್ವಾ? ನೀನು ಅನ್ನ ರಸ ಉಂಡ್ಕೊಂಡು ಸುಮ್ನಿರು."

ಲೋಕೇಶನ ಮುಖ ಅರಳಿತು. "ನೀವಿದ್ದೀರಲ್ಲ ಅಣ್ಣ, ಸಾಕು" ಎಂದ. ಎರಡು ಸಲ ಹೇಳಿದ. ಚೀಟಿ ಮಡಚಿ ನನ್ನ ಜೇಬಿಗೆ ಹಾಕಿಕೊಂಡೆ. ಆವತ್ತು ಸಂಜೆಯವರೆಗೂ ನಾನು ಬಹಳ ಒಳ್ಳೆಯ ಮನುಷ್ಯ ಎಂದು ನನಗೇ ಅನಿಸುತ್ತಿತ್ತು.

ಭಾನುವಾರ ಮಾವನ ಮನೆ ಮುಂದೆ ಶಾಮಿಯಾನ ಹಾಕಿದ್ದರು. ಬೈರಮಂಗಲದಿಂದ ಎರಡು ಬಸ್ಸು ಜನ ಬಂದಿದ್ದರು. ಹಿತ್ತಲಲ್ಲಿ ಇಬ್ಬರು ಗಟ್ಟಿ ಆಳುಗಳು ದೊಡ್ಡ ಪಾತ್ರೆಗೆ ಕೋಲು ಹಾಕಿ ಹಿಟ್ಟು, ಅಂದರೆ ಮುದ್ದೆ, ತಿರುವುತ್ತಿದ್ದರು. ಬಿಸಿ ಬಿಸಿ ಮುದ್ದೆ, ಮಟನ್ ಸಾರು, ಅವರೆಕಾಳು ಹಾಕಿದ ಬೋಟಿ ಗೊಜ್ಜು. ಬೋಟಿ ಎಂದರೆ ಆಡಿನ ಕರುಳು. ಮೊದಲ ಪಂಕ್ತಿಯಲ್ಲೇ ಲೋಕೇಶನನ್ನು ಕೂರಿಸಿದರು. ಅವನ ಎಡಕ್ಕೆ ನಾನು ಕೂತೆ.

ಮಾವ ಬಿಳಿ ಪಂಚೆ ಎತ್ತಿ ಕಟ್ಟಿ ಮುದ್ದೆ ಬೇಸಿನ್ ಹಿಡಿದು ಬಂದರು. ಲೋಕೇಶನ ಎಲೆಗೆ ಒಂದು ಹಾಕಿ ಮುಂದೆ ಹೋದರು. ಎಲ್ಲರೂ ತಂತಮ್ಮ ಎಲೆ ನೋಡಿಕೊಳ್ಳುವ ಗಳಿಗೆ ಅದು. ಲೋಕೇಶ್ ಮೆಲ್ಲಗೆ ತಳ್ಳಿದ, ನಾನು ಎಳೆದುಕೊಂಡೆ. ನನ್ನದನ್ನೂ ಅವನದನ್ನೂ ಸರಸರ ನುಂಗಿ ಮುಗಿಸಿದೆ. ಅವನು ಸ್ವಲ್ಪ ಅನ್ನಕ್ಕೆ ಸಾರಿನ ತಿಳಿ ಹಾಕಿಸಿಕೊಂಡು ಕಲಸುತ್ತಾ ಕೂತ. ಮೇಜಿನ ಕೆಳಗೆ ನನ್ನ ಮೊಣಕಾಲನ್ನು ಒಮ್ಮೆ ಒತ್ತಿದ. ಥ್ಯಾಂಕ್ಸ್ ಎಂದು ಅದರ ಅರ್ಥ.

ಸುತ್ತು ಮುಗಿಸಿ ವಾಪಸು ಬಂದ ಮಾವ ಲೋಕೇಶನ ಎಲೆ ನೋಡಿ ನಿಂತುಬಿಟ್ಟರು. ಮುದ್ದೆ ಇಲ್ಲ. ಅವರ ಮುಖದಲ್ಲಿ ಅಂಥ ಸಂತೋಷ ನಾನು ಮಮತಾಳಿಗೆ ಮಗ ಹುಟ್ಟಿದಾಗಲೂ ನೋಡಿರಲಿಲ್ಲ.

"ನೋಡ್ರಪ್ಪಾ, ನೋಡ್ರಿ! ಕಣ್ ಮುಚ್ಚಿ ಬುಡೋದ್ರೊಳಗೆ ಇಟ್ಟು ಮಾಯ! ಗ್ಯಾಸ್ಟ್ರಿಕ್ಕು ಅಂತೆ ಗ್ಯಾಸ್ಟ್ರಿಕ್ಕು! ಇವ್ರು ಕಣ್ರೋ ಗಂಡು ಅಂದ್ರೆ." ಆಮೇಲೆ ಆ ಕೈ ನನ್ನ ಹೆಗಲ ಮೇಲೆ ಬಿತ್ತು. "ನಮ್ ಹಿರೀ ಅಳಿಯಂದ್ರ ಕಥೆ ನಿಮಗ್ಯಾರ್ಗೂ ಗೊತ್ತಿಲ್ಲ ಅಲ್ವಾ? ಮೊದಲ್ನೇ ಯುಗಾದಿ..."

ಬೈರಮಂಗಲದವರು ನೂರು ಚಿಲ್ಲರೆ ಜನ. ಒಬ್ಬರಿಗೂ ಆ ಕಥೆ ಗೊತ್ತಿರಲಿಲ್ಲ. ಮಾವ ಬೇಸಿನ್ ಕೆಳಗಿಟ್ಟು, ಕುಕ್ಕರಗಾಲಲ್ಲಿ ಕೂತು, ಮುಖ ಕಿವುಚಿ ನಾನು ತಿಣುಕುವುದನ್ನು ಮಾಡಿ ತೋರಿಸಿದರು. ಪಂಕ್ತಿಗೆ ಪಂಕ್ತಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎದುರು ಸಾಲಿನಿಂದ ಯಾರೋ, "ಗಂಡಾಯ್ತೋ ಹೆಣ್ಣಾಯ್ತೋ?" ಎಂದು ಕೂಗಿದರು. ನಾನು ಹಲ್ಲು ಕಿರಿದುಕೊಂಡು ಪಕ್ಕಕ್ಕೆ ನೋಡಿದೆ. ಲೋಕೇಶನೂ ನಗುತ್ತಿದ್ದ. ಜೋರಾಗಿ ಅಲ್ಲ. ಮಾವ ಖುಷಿಯಾದರಲ್ಲ, ಗಂಡಾಂತರ ಕಳೆಯಿತಲ್ಲ ಎಂಬ ಸಮಾಧಾನಕ್ಕೆ ಬಂದ ನಗು ಇರಬಹುದು. ಈಗ ಹಾಗನಿಸುತ್ತದೆ. ಆಗ ಅನಿಸಲಿಲ್ಲ. ಅವನ ಮುದ್ದೆ ನನ್ನ ಹೊಟ್ಟೆಯೊಳಗೆ ಇಟ್ಟುಕೊಂಡು, ಅದೇ ಮುದ್ದೆಯ ಹೆಸರಲ್ಲಿ ನಾನು ಮಾನ ಕಳೆದುಕೊಳ್ಳುತ್ತಿದ್ದೆ, ಮತ್ತು ಅವನು ನಗುತ್ತಿದ್ದ. ಮೈಯೆಲ್ಲ ಉರಿದುಹೋಯಿತು.

ಮಾವ ಎದ್ದು ಎರಡನೇ ಮುದ್ದೆಯನ್ನು ಲೋಕೇಶನ ಎಲೆಗೆ ಹಾಕಿದರು. ಪಕ್ಕದವರ ಕಡೆ ತಿರುಗಿದರು. ಲೋಕೇಶ್ ಮುದ್ದೆಗೆ ಕೈ ಇಟ್ಟು ನನ್ನ ಕಡೆ ತಳ್ಳಲು ಹೊರಟ.

ನಾನು ನನ್ನ ಎಲೆಯ ಮೇಲೆ ಕೈ ಅಡ್ಡ ಇಟ್ಟೆ.

ಬಡಿಸುವವರಿಗೆ ಸಾಕು ಎಂದು ತೋರಿಸುವ ಹಾಗೆ, ಅಂಗೈ ಅಗಲಿಸಿ ಇಟ್ಟೆ. ಮುದ್ದೆ ಅವನ ಎಲೆಯ ಅಂಚಿನಲ್ಲೇ ನಿಂತಿತು. ಅವನು ನನ್ನ ಮುಖ ನೋಡಿದ. ಅರ್ಥವಾಗದವನ ಹಾಗೆ ಮತ್ತೊಮ್ಮೆ ತಳ್ಳಿದ. ನಾನು ಕೈ ತೆಗೆಯಲಿಲ್ಲ. ಅಷ್ಟಕ್ಕೇ ಸುಮ್ಮನಿದ್ದರೂ ಆಗುತ್ತಿತ್ತು. ಅನ್ನ ಸಾಕಾಯಿತು, ಹೊಟ್ಟೆ ತುಂಬಿತು ಎಂದು ಅವನು ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದನೇನೋ. ನಾನು ಸುಮ್ಮನಿರಲಿಲ್ಲ.

"ಮಾವ, ಇಲ್ನೋಡಿ" ಎಂದು ಕೂಗಿದೆ. "ಒಂದಕ್ಕೇ ಶಭಾಷ್‌ಗಿರಿ ಕೊಟ್ರೆ ಹೆಂಗೆ? ಇನ್ನೊಂದ್ ಹಾಕಿ. ಕಾಳ್ ಗೊಜ್ಜೂ ಹಾಕಿ. ಗಂಡೋ ಅಲ್ವೋ ನೋಡೇಬುಡಾನ."

ಪಂಕ್ತಿಯವರೆಲ್ಲ ಹೋ ಎಂದರು. ಮಾವ ಕುಣಿಯುತ್ತಾ ಬಂದು ಇನ್ನೊಂದು ಮುದ್ದೆ ಹಾಕಿದರು, ಎರಡು ಸೌಟು ಬೋಟಿ ಗೊಜ್ಜು ಸುರಿದರು. "ಕರುಳಿಗೆ ಕರುಳೇ ಔಷಧಿ ಅಳಿಯಂದ್ರೆ. ಸಿಪ್ಪೆ ಕಾಳು ಬೇರೆ. ಎಲ್ಲಾ ಫೈಬರ್ರು. ಉಣ್ಣಿ." ಎದುರು ಸಾಲಿನಲ್ಲಿ ಅವನ ಕಡೆಯವರೇ ಚಪ್ಪಾಳೆ ತಟ್ಟುತ್ತಿದ್ದರು. ಅವನ ತಂದೆ ತಾಯಿ ಯಾವ ಪಂಕ್ತಿಯಲ್ಲಿದ್ದರೋ ಕಾಣಲಿಲ್ಲ. ನವ್ಯಾ ಒಳಗೆ ಹೆಂಗಸರ ಕಡೆ ಇದ್ದಳು.

ಲೋಕೇಶ್ ಒಂದು ತುತ್ತು ಮುರಿದ. ಅಗಿಯತೊಡಗಿದ. ಅಗಿದರೆ ನುಣ್ಣಗಾಗಿ ದಾಟೀತು ಎಂದು ಪಾಪ ಅವನ ಲೆಕ್ಕ. ನಾನು ಅವನ ಕಿವಿಯ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ.

"ನುಂಗು ಲೋಕೇಶ, ಅಗೀಬೇಡ."

ನುಂಗಿದ. ಎರಡು ಮುದ್ದೆ, ಎಲೆಯ ಮೇಲಿದ್ದ ಅಷ್ಟೂ ಕಾಳು, ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದ. ಖಾರಕ್ಕೆ ಎಂದರು ಎಲ್ಲರೂ. ಮಾವ ಅವನ ಬೆನ್ನು ತಟ್ಟಿದರು, ಆಮೇಲೆ ನನ್ನ ಬೆನ್ನೂ ತಟ್ಟಿದರು. ಒಂಬತ್ತು ವರ್ಷದಲ್ಲಿ ಅದೇ ಮೊದಲು. ಅದು ಹಿತವಾಗಿತ್ತು ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೆ ಹಿತವಾಗಿತ್ತು.

ಹೊಸ ಜೋಡಿ ಮಾವನ ಮನೆಯಲ್ಲೇ ಉಳಿಯಿತು, ನಾವೂ ಉಳಿದೆವು. ಸಂಜೆಗೆ ಲೋಕೇಶನ ಹೊಟ್ಟೆ ಉಬ್ಬಿತು. ಸೋಮವಾರ ಬೆಳಗ್ಗೆ ಅವನು ಹಿತ್ತಲಿನ ಕಕ್ಕಸಿಗೆ ಹೋಗಿ ಒಂದು ಗಂಟೆಯಾದರೂ ಬರಲಿಲ್ಲ. ಮಾವ ಹಿತ್ತಲಲ್ಲಿ ನಿಂತು ಬೀದಿಗೆ ಕೇಳುವ ಹಾಗೆ ಶುರು ಮಾಡಿದರು. "ಬನ್ರೋ, ಈ ಅಳಿಯಂದ್ರಿಗೂ ಹೆರಿಗೆ ನೋವು ಬಂದೈತೆ!" ಜನ ಬಂದರು. ನಾನೂ ಕಾಫಿ ಲೋಟ ಹಿಡಿದುಕೊಂಡು ಜನದ ನಡುವೆ ನಿಂತೆ. ಈ ಸಲ ಬಾಗಿಲಿನ ಈಚೆ ಕಡೆ ಇದ್ದೆ. ಒಳಗಿನಿಂದ ಲೋಕೇಶ್ ನರಳುವುದು ಕೇಳಿಸುತ್ತಿತ್ತು. ಎಲ್ಲರೂ ನಕ್ಕಷ್ಟು ನಾನೂ ನಕ್ಕೆ.

ಗೋಡೆ ಹಿಡಿದುಕೊಂಡು ಹೊರಗೆ ಬಂದವನನ್ನು ಮಾವ ಮಂಚದ ಮೇಲೆ ಮಲಗಿಸಿದರು. ಅವರು ಕೆಟ್ಟವರಲ್ಲ, ತಮಗೆ ಗೊತ್ತಿದ್ದ ವೈದ್ಯ ಮಾಡಿದರು. ರಾಗಿ ಅಂಬಲಿ ಕುಡಿಸಿದರು. ಬಾಳೆಹಣ್ಣು ತಿನ್ನಿಸಿದರು. ಪೇಟೆಯಿಂದ ಇಸಬ್‌ಗೋಲ್ ತರಿಸಿ ನೀರಲ್ಲಿ ಕಲಸಿ ಕುಡಿಸಿದರು. ನಾರಿನ ಮೇಲೆ ನಾರು. ಒಂದೊಂದು ಲೋಟ ಒಳಗೆ ಹೋದಾಗಲೂ ನನಗೆ ಆ ಚೀಟಿಯ ಎರಡು ಗೆರೆ ಕಣ್ಣಿಗೆ ಬರುತ್ತಿತ್ತು. ಬಾಯಿ ಬಿಟ್ಟರೆ, ನಿನಗೆ ಗೊತ್ತಿದ್ದೂ ಯಾಕೆ ಹಾಕಿಸಿದೆ ಎಂದು ಕೇಳುತ್ತಾರೆ. ಇನ್ನೇನು ಸರಿಹೋಗುತ್ತದೆ, ಒಂದು ಸಲ ಹೊರಗೆ ಹೋದರೆ ಎಲ್ಲ ಸರಿಹೋಗುತ್ತದೆ ಎಂದು ಕಾಯುತ್ತಾ ಕೂತೆ.

ಮಧ್ಯಾಹ್ನ ಹಸಿರು ಬಣ್ಣದ ವಾಂತಿಯಾಯಿತು. ಅಪ್ಪನಿಗೆ ಹೆದರಿ ಅಲ್ಲಿಯವರೆಗೆ ಗುಟ್ಟು ಹಿಡಿದುಕೊಂಡಿದ್ದ ನವ್ಯಾಳಿಗೆ ಇನ್ನು ತಡೆಯಲಾಗಲಿಲ್ಲ. ಅಪ್ಪನ ಕೈಲಿದ್ದ ಅಂಬಲಿ ಲೋಟ ಕಿತ್ತು ಅಂಗಳಕ್ಕೆ ಎಸೆದಳು.

"ಸಾಕು ಬುಡಪ್ಪ! ಅವ್ರಿಗೆ ಕರುಳು ಆಪರೇಶನ್ ಆಗೈತೆ. ಟಿ.ಬಿ. ಆಗಿತ್ತು. ಇಟ್ಟು, ಕಾಳು ಯಾವ್ದೂ ಮುಟ್ಟಂಗಿಲ್ಲ. ಕಾರ್ ತರ್ಸು, ಆಸ್ಪತ್ರೆಗ್ ಓಗಾನ."

ಟಿ.ಬಿ. ಎಂಬುದೊಂದೇ ಮಾವನ ಕಿವಿಗೆ ಬಿದ್ದದ್ದು. ಮಂಚದಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

"ಯಾರಿಗೂ ಹೇಳ್ದೆ ಮುಚ್ಚಿಟ್ಟು ಮದ್ವೆ ಆದ್ರಾ?"

"ನಂಗೆ ಗೊತ್ತಿತ್ತು. ಭಾವಂಗೂ ಗೊತ್ತಿತ್ತು. ಶನಿವಾರ ಅಂಗಡೀಲಿ ಚೀಟೀನೂ ಕೊಟ್ಟಿದ್ರು. ಕೇಳಪ್ಪ ಭಾವನ್ನ."

ಮನೆಯೆಲ್ಲ ನನ್ನ ಕಡೆ ತಿರುಗಿತು. ಮಮತಾ ಅಡಿಗೆಮನೆ ಬಾಗಿಲಿಗೆ ಬಂದು ನಿಂತಳು. ಮಂಚದ ಮೇಲಿಂದ ಲೋಕೇಶ್ ನನ್ನನ್ನೇ ನೋಡುತ್ತಿದ್ದ. ನಾನು ಹೇಳಿಯೇ ಹೇಳುತ್ತೇನೆ ಎಂದು ಅವನಿಗೆ ಆಗಲೂ ನಂಬಿಕೆ ಇತ್ತು.

"ನಂಗ್ಯಾರೂ ಏನೂ ಹೇಳಿಲ್ಲ ಮಾವ" ಎಂದೆ. "ಅಂಗಡಿಗ್ ಬಂದಿದ್ದು ನಿಜ. ಟೀ ಕುಡ್ದು ಓದ್ರು. ಗೊತ್ತಿದ್ರೆ ನಾನು ಹಾಕ್ಸ್ತಿದ್ನಾ?"

ಆ ಮಾತು ಎಲ್ಲರಿಗೂ ಸರಿ ಎನಿಸಿತು. ಗೊತ್ತಿದ್ದವನು ಯಾರಾದರೂ ಹಾಕಿಸುತ್ತಾನೆಯೇ? ನವ್ಯಾ ನನ್ನ ಮುಖವನ್ನು ಹೇಗೆ ನೋಡಿದಳು ಎಂದರೆ, ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ. ಮಾವ ಬೈರಮಂಗಲಕ್ಕೆ ಫೋನ್ ಹಚ್ಚಿ, ಮೋಸ ಮಾಡಿದಿರಿ, ಕಾಯಿಲೆ ಗಂಡು ಕಟ್ಟಿದಿರಿ ಎಂದು ಕೂಗಾಡಿದರು. ಆ ಕಡೆಯವರು ಬಂದರು. ಅಂಗಳದಲ್ಲಿ ಪಂಚಾಯಿತಿ ಸೇರಿತು. ಒಳಗೆ ನವ್ಯಾ ಕಾರು, ಕಾರು ಎಂದು ಒಬ್ಬೊಬ್ಬರ ಕಾಲೂ ಹಿಡಿಯುತ್ತಿದ್ದಳು. ಕಾರು ಹೊರಟಾಗ ಸಂಜೆಯಾಗಿತ್ತು.

ರಾಮನಗರದ ಆಸ್ಪತ್ರೆಯಲ್ಲಿ ಹೊಟ್ಟೆ ಮುಟ್ಟಿ ನೋಡಿದ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವನ ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಕರುಳು ಒಡೆದಿದೆ, ಯಾಕೆ ಇಷ್ಟು ತಡ ಮಾಡಿದಿರಿ ಎಂದು ಅಲ್ಲಿಯ ಡಾಕ್ಟರು ಕೇಳಿದರು. ಏನು ಊಟ ಮಾಡಿದ್ದರು ಎಂದೂ ಕೇಳಿದರು. ಮಾವ ಕೈ ಕಟ್ಟಿ ನಿಂತಿದ್ದರು.

"ಒಳ್ಳೇ ಊಟಾನೇ ಸಾ. ಮೂರ್ ಇಟ್ಟು, ಕಾಳು. ಎಲ್ಲಾ ಫೈಬರ್ರೇ" ಎಂದರು.

ಎರಡು, ಎಂದು ತಿದ್ದಲು ನನ್ನ ನಾಲಿಗೆ ತುದಿಗೆ ಬಂತು. ಮೂರರಲ್ಲಿ ಒಂದನ್ನು ನಾನು ಉಂಡಿದ್ದೆ ಎಂದು ತಿಳಿದವರು ಇಬ್ಬರೇ ಎಂದು ಆಗ ನನ್ನ ಲೆಕ್ಕ, ಅದರಲ್ಲಿ ಒಬ್ಬನಿಗೆ ಮಾತು ನಿಂತಿತ್ತು. ತಿದ್ದಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಆ ಮಾತನ್ನೂ ನುಂಗಿಕೊಂಡೆ. ಬುಧವಾರ ಬೆಳಗ್ಗೆ ಬೆಂಗಳೂರಿನಲ್ಲಿ ಲೋಕೇಶ್ ತೀರಿಕೊಂಡ. ಇಪ್ಪತ್ತೊಂಬತ್ತು ವರ್ಷ.

ಮಣ್ಣು ಮಾಡಿ ಮನೆಗೆ ಬಂದ ಮೇಲೆ ಮಮತಾ ನನ್ನ ಬಟ್ಟೆ ಒಗೆಯಲು ತೆಗೆದಳು. ಶನಿವಾರ ಹಾಕಿದ್ದ ಷರ್ಟಿನ ಜೇಬಿಗೆ ಕೈ ಹಾಕಿದಳು. ಚೀಟಿ ಬಿಚ್ಚಿ ಪೂರ್ತಿ ಓದಿದಳು. ನಾನು ಎದುರಿಗೇ ಕೂತಿದ್ದೆ. ಅವಳು ಕೂಗಾಡುತ್ತಾಳೆ, ತವರಿಗೆ ಫೋನ್ ಮಾಡುತ್ತಾಳೆ ಎಂದುಕೊಂಡೆ. ಅವಳು ಎದ್ದು ಹೋಗಿ ಅದನ್ನು ಹಂಡೆ ಒಲೆಗೆ ಹಾಕಿ, ಉರಿದು ಮುಗಿಯುವ ತನಕ ನಿಂತಿದ್ದಳು. ಅವಳಿಗೂ ಗಂಡ ಬೇಕಲ್ಲ, ಮಗನಿಗೆ ಅಪ್ಪ ಬೇಕಲ್ಲ. ಆವತ್ತಿನಿಂದ ಅವಳು ನನಗೆ ಬಡಿಸುತ್ತಾಳೆ, ಪಕ್ಕ ಕೂತು ಉಣ್ಣುವುದಿಲ್ಲ.

ಹನ್ನೊಂದನೇ ದಿನದ ತಿಥಿ ಬೈರಮಂಗಲದಲ್ಲಿ ಆಯಿತು. ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡಬೇಕು. ಲೋಕೇಶನ ಫೋಟೋ ಮುಂದೆ ನವ್ಯಾ ಬಿಳಿ ಅನ್ನವನ್ನು ಮೆತ್ತಗೆ ಕಿವುಚಿ, ಮಜ್ಜಿಗೆ ಹಾಕಿ ಇಟ್ಟಳು. ನಮಗೆಲ್ಲ ಮುದ್ದೆ, ಕಾಳು ಸಾರು. ಪಂಕ್ತಿಯಲ್ಲಿ ಮಾವ ನನ್ನ ಎದುರಿಗೆ ಕೂತು, ಮುಚ್ಚಿಟ್ಟವರಿಗೆ ದೇವರು ಹಿಂಗೇ ಮಾಡೋದು ಎಂದು ಪಕ್ಕದವರಿಗೆ ಹೇಳುತ್ತಿದ್ದರು.

ನವ್ಯಾ ಒಳಗಿನಿಂದ ಬಂದು ಬಡಿಸುವವನ ಕೈಯಿಂದ ಬೇಸಿನ್ ತೆಗೆದುಕೊಂಡಳು. ಗಂಡನ ತಿಥಿಯ ದಿನ ಅವಳು ಬಡಿಸುವಂತಿಲ್ಲ ಎಂದು ಹೆಂಗಸರು ತಡೆದರು. ಅವಳು ಯಾರ ಮಾತೂ ಕೇಳದೆ ನೇರ ನನ್ನ ಎಲೆಯ ಮುಂದೆ ಬಂದು ನಿಂತಳು. ಒಂದು ಮುದ್ದೆ ಹಾಕಿದಳು. ನಾನು ತಲೆ ಎತ್ತದೆ ನುಂಗಿದೆ. ಅವಳು ಎರಡನೆಯದನ್ನು ಕೈಗೆತ್ತಿಕೊಂಡಳು. ನಾನು ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಇಟ್ಟೆ.

ಅವಳು ಮುದ್ದೆಯನ್ನು ನನ್ನ ಕೈ ಮೇಲೇ ಇಟ್ಟಳು.

ಆಗ ತಾನೇ ಇಳಿಸಿದ ಮುದ್ದೆ. ಚರ್ಮ ಚುರ್ ಎಂದಿತು. ಕೂಗಿದರೆ ಜನ ಯಾಕೆ ಎಂದು ಕೇಳುತ್ತಾರೆ. ಹಲ್ಲು ಕಚ್ಚಿಕೊಂಡು ಕೈಯನ್ನು ಮೆಲ್ಲಗೆ ಎಳೆದುಕೊಂಡೆ.

"ಅವ್ರು ಉಂಡಿದ್ದು ಎರಡೇ ಭಾವ" ಎಂದಳು, ನನಗೊಬ್ಬನಿಗೇ ಕೇಳುವ ಹಾಗೆ. "ನಂಗೆ ಎಲ್ಲಾ ಹೇಳಿದ್ರು. ನುಂಗಿ, ಅಗೀಬೇಡಿ."

ಅವಳು ಅಲ್ಲೇ ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ಇರಲಿಲ್ಲ. ನಾನು ಮುರಿದು, ಉರುಳಿಸಿ, ಅದ್ದಿ, ನುಂಗಿದೆ. ಗಂಟಲಲ್ಲಿ ಸಿಕ್ಕಿಕೊಳ್ಳಲಿ, ಅಲ್ಲೇ ಉಸಿರು ನಿಲ್ಲಲಿ ಎಂದು ನಿಜವಾಗಿಯೂ ಬೇಡಿಕೊಂಡೆ. ಅದು ಸಲೀಸಾಗಿ ಇಳಿಯಿತು.

ಆ ಸಂಜೆಯೇ ನವ್ಯಾಳನ್ನು ಕರೆದುಕೊಂಡು ಬೈರಾಪಟ್ಟಣಕ್ಕೆ ಬಂದೆವು. ಮಾರನೇ ದಿನ ಬೆಳಗ್ಗೆ ಐದೂವರೆಗೆ ಎದ್ದೆ. ಒಂದು ಚೊಂಬು ಬಿಸಿನೀರು ಕುಡಿದು ಹಿತ್ತಲಿಗೆ ಹೋದೆ. ಐದು ನಿಮಿಷ ಆಯಿತು, ಅಷ್ಟೆ. ಬಾಗಿಲು ತೆಗೆದಾಗ ಮಾವ ಬೇವಿನ ಕಡ್ಡಿ ಕಚ್ಚಿಕೊಂಡು ಹಿತ್ತಲಲ್ಲೇ ನಿಂತಿದ್ದರು. ಅವರ ಹಿಂದೆ ತೊಟ್ಟಿಯ ಹತ್ತಿರ ನವ್ಯಾ ಬೋಳು ಹಣೆಯಲ್ಲಿ ಪಾತ್ರೆ ತಿಕ್ಕುತ್ತಾ ಕೂತಿದ್ದಳು. ನನ್ನನ್ನು ನೋಡಿ ತಿಕ್ಕುವುದನ್ನು ನಿಲ್ಲಿಸಿದಳು.

"ಆಯ್ತಾ ಅಳಿಯಂದ್ರೆ?" ಎಂದರು ಮಾವ.

"ಆಯ್ತು ಮಾವ" ಎಂದೆ.